ಸುಣ್ಣದ ಕಲ್ಲು ಮತ್ತು ಜಾಗತಿಕ ತಾಪಮಾನ: ಸಿಮೆಂಟ್ ಸೀಮೆಯ ಉದ್ಯಮಿಗಳು ಅರಿಯಬೇಕಾದ ಲೆಕ್ಕ

ಜಾಗತಿಕ ತಾಪಮಾನ ಏರಿಕೆಯು ದೂರದ ಹಿಮಖಂಡಗಳಿಗೆ ಸಂಬಂಧಿಸಿದ ಸಮಸ್ಯೆಯೆಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ವ್ಯಾಪಾರಸ್ಥರು ಭಾವಿಸುವಂತಿಲ್ಲ. ಸಮಸ್ಯೆಯ ಒಂದು ಮೂಲ ಇಲ್ಲಿನ ನೆಲದಡಿಯ ಸುಣ್ಣದ ಕಲ್ಲಿನಲ್ಲಿಯೇ ಇದೆ. ಅದರ ಪರಿಹಾರಕ್ಕೆಂದು ರೂಪುಗೊಂಡ ನಿಯಮಗಳೂ ಈಗ ಸಿಮೆಂಟ್ ಉದ್ಯಮದ ಲೆಕ್ಕಪುಸ್ತಕವನ್ನು ತಲುಪಿವೆ.

ಕಾರಣಗಳು

ಸೂರ್ಯನಿಂದ ಕಾದ ಭೂಮಿಯು ಆ ಶಾಖವನ್ನು ಮರಳಿ ಆಕಾಶಕ್ಕೆ ಬಿಡುತ್ತದೆ. ಇಂಗಾಲದ ಡೈಆಕ್ಸೈಡ್, ಮೀಥೇನ್ ಮುಂತಾದ ಅನಿಲಗಳು ಅದರಲ್ಲೊಂದು ಪಾಲನ್ನು ತಡೆದಿಡುತ್ತವೆ. ಇವೇ ಹಸಿರುಮನೆ ಅನಿಲಗಳು. ಕೈಗಾರಿಕಾ ಕ್ರಾಂತಿಗೆ ಮುನ್ನ ಗಾಳಿಯ ಪ್ರತಿ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 280 ಭಾಗಗಳಷ್ಟಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ಮೀರಿದೆ. ಕಲ್ಲಿದ್ದಲು ಮತ್ತು ತೈಲದ ದಹನ, ಅರಣ್ಯನಾಶ ಇದಕ್ಕೆ ಮುಖ್ಯ ಕಾರಣಗಳು.

ಸಿಮೆಂಟ್ ಉದ್ಯಮದಲ್ಲಿ ಇಂಧನದ ಜೊತೆಗೆ ಕಲ್ಲೂ ಅನಿಲವನ್ನು ಬಿಡುತ್ತದೆ ಎಂಬುದು ಗಮನಾರ್ಹ. 100 ಕಿಲೋ ಶುದ್ಧ ಸುಣ್ಣದ ಕಲ್ಲನ್ನು ಸುಟ್ಟಾಗ 56 ಕಿಲೋ ಸುಣ್ಣ ಉಳಿದು, 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಯಾವ ಇಂಧನ ಬಳಸಿದರೂ ಈ 44 ಕಿಲೋ ಉತ್ಪತ್ತಿಯಾಗುವುದು ತಪ್ಪದು. ಕಾರ್ಖಾನೆಯಿಂದ ಹೊರಬೀಳುವ ಅನಿಲದಲ್ಲಿ ಅರ್ಧಕ್ಕಿಂತ ಹೆಚ್ಚು ಕಲ್ಲಿನಿಂದಲೇ ಬರುತ್ತದೆ. ಅದೇ ಕಲ್ಲನ್ನು ಸೀಳಿ ಶಹಾಬಾದ್ ಫರ್ಸಿಯಾಗಿ ಮಾರಿದಾಗ ಇಂಗಾಲವು ಕಲ್ಲಿನೊಳಗೇ ಉಳಿಯುತ್ತದೆ. ಅಲ್ಲಿ ಮುಖ್ಯವಾಗಿ ಲೆಕ್ಕಕ್ಕೆ ಬರುವುದು ಯಂತ್ರಗಳ ವಿದ್ಯುತ್ತು ಮತ್ತು ಲಾರಿಯ ಡೀಸೆಲ್.

ಅಂತಾರಾಷ್ಟ್ರೀಯ ಪ್ರಯತ್ನಗಳು

1992ರಲ್ಲಿ ರಿಯೋ ಡಿ ಜನೈರೊದಲ್ಲಿ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಗೆ ಸಹಿ ಬಿದ್ದಿತು. 1997ರಲ್ಲಿ ಅಂಗೀಕೃತವಾಗಿ 2005ರಲ್ಲಿ ಜಾರಿಗೆ ಬಂದ ಕ್ಯೋಟೊ ಒಪ್ಪಂದವು ಮುಂದುವರಿದ ರಾಷ್ಟ್ರಗಳಿಗೆ ಮಾತ್ರ ಕಡಿತದ ಹೊಣೆ ಹೊರಿಸಿತು. ಭಾರತದಂತಹ ರಾಷ್ಟ್ರಗಳ ಉದ್ಯಮಗಳು ಅನಿಲ ತಗ್ಗಿಸಿ, ಆ ಉಳಿತಾಯವನ್ನು ಇಂಗಾಲದ ಕ್ರೆಡಿಟ್ ರೂಪದಲ್ಲಿ ಮಾರಲು ಅದು ಅವಕಾಶ ನೀಡಿತು. ವಾಡಿಯ ಹೊಸ ಘಟಕವೂ ಸೇರಿದಂತೆ ತನ್ನ ಹಲವು ಕಾರ್ಖಾನೆಗಳ ಮಿಶ್ರ ಸಿಮೆಂಟ್ ಯೋಜನೆಯನ್ನು ಎ.ಸಿ.ಸಿ. ಕಂಪನಿಯು ಇದೇ ವ್ಯವಸ್ಥೆಯಡಿ ಮುಂದಿಟ್ಟಿತ್ತು. ಕ್ಲಿಂಕರ್‌ನ ಒಂದು ಭಾಗಕ್ಕೆ ಬದಲಾಗಿ ಹಾರುಬೂದಿ ಸೇರಿಸಿದರೆ ಅಷ್ಟು ಕಲ್ಲು ಸುಡುವುದು ತಪ್ಪುತ್ತದೆ ಎಂಬುದು ಅದರ ತಿರುಳು.

2015ರ ಪ್ಯಾರಿಸ್ ಒಪ್ಪಂದದಲ್ಲಿ ಎಲ್ಲ ರಾಷ್ಟ್ರಗಳೂ ತಮ್ಮ ಗುರಿಯನ್ನು ತಾವೇ ಘೋಷಿಸುವ ಪದ್ಧತಿ ಬಂದಿತು. 2070ರ ವೇಳೆಗೆ ನಿವ್ವಳ ಶೂನ್ಯ ಸ್ಥಿತಿ ತಲುಪುವುದಾಗಿ ಭಾರತವು 2021ರ ಗ್ಲಾಸ್ಗೊ ಸಮ್ಮೇಳನದಲ್ಲಿ ಪ್ರಕಟಿಸಿತು.

ದೇಶದೊಳಗಿನ ನಿಯಮ

2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿಯಾಗಿ, 2023ರಲ್ಲಿ ಇಂಗಾಲದ ಕ್ರೆಡಿಟ್ ವ್ಯಾಪಾರ ಯೋಜನೆಯ ಅಧಿಸೂಚನೆ ಹೊರಟಿತು. 2025ರ ಅಕ್ಟೋಬರ್‌ನಲ್ಲಿ ಸಿಮೆಂಟ್ ಸೇರಿದಂತೆ ಕೆಲವು ಉದ್ಯಮಗಳಿಗೆ ಗುರಿಗಳು ನಿಗದಿಯಾದವು. ಕಾಲ್ಪನಿಕ ಅಂಕಿಗಳಿಂದ ಇದನ್ನು ತಿಳಿಯಬಹುದು: ಒಂದು ಕಾರ್ಖಾನೆಯ ಗುರಿ ಪ್ರತಿ ಟನ್ ಉತ್ಪನ್ನಕ್ಕೆ 600 ಕಿಲೋ ಎಂದಿರಲಿ. ವರ್ಷಕ್ಕೆ 10 ಲಕ್ಷ ಟನ್ ತಯಾರಿಸಿ, ಪ್ರತಿ ಟನ್ನಿಗೆ 620 ಕಿಲೋ ಅನಿಲ ಬಿಟ್ಟರೆ ಹೆಚ್ಚುವರಿ 20,000 ಟನ್ ಆಗುತ್ತದೆ. ಒಂದು ಟನ್ನಿಗೆ ಒಂದರಂತೆ 20,000 ಪ್ರಮಾಣಪತ್ರಗಳನ್ನು ಅದು ಕೊಳ್ಳಬೇಕು. ಗುರಿಗಿಂತ ಕಡಿಮೆ ಬಿಟ್ಟ ಕಾರ್ಖಾನೆಗೆ ಪ್ರಮಾಣಪತ್ರ ದೊರೆತು, ಮಾರಾಟದ ಆದಾಯ ಬರುತ್ತದೆ.

ಐರೋಪ್ಯ ಒಕ್ಕೂಟವೂ 2026ರ ಜನವರಿ 1ರಿಂದ ಆಮದು ಸಿಮೆಂಟ್, ಉಕ್ಕು, ಅಲ್ಯೂಮಿನಿಯಂ ಮುಂತಾದವುಗಳ ಮೇಲೆ ಇಂಗಾಲದ ಶುಲ್ಕದ ವ್ಯವಸ್ಥೆಯನ್ನು ಪೂರ್ಣವಾಗಿ ಜಾರಿಗೊಳಿಸಿದೆ. ಫರ್ಸಿ ಕಲ್ಲು ಆ ಪಟ್ಟಿಯಲ್ಲಿಲ್ಲ.

ಸಣ್ಣ ಉದ್ಯಮಿಗಳ ಪಾಲು

ಪಾಲಿಶ್ ಘಟಕ, ದಾಲ್ ಮಿಲ್, ಲಾರಿ ಮಾಲೀಕರಿಗೆ ಈ ಗುರಿಗಳು ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಕಾರ್ಖಾನೆಯ ವೆಚ್ಚ ಹೆಚ್ಚಿದಾಗ ಸರಬರಾಜುದಾರರ ದರದ ಮೇಲೆ ಒತ್ತಡ ಬೀಳುವುದು ವ್ಯಾಪಾರದ ಅನುಭವಕ್ಕೆ ಹೊಸದಲ್ಲ. ಮತ್ತೊಂದೆಡೆ, ಹಾರುಬೂದಿ ಸಾಗಣೆ, ತೊಗರಿ ಕಟ್ಟಿಗೆಯಂತಹ ಕೃಷಿ ತ್ಯಾಜ್ಯದ ಇಂಧನ ಮತ್ತು ಸೌರ ವಿದ್ಯುತ್ತಿಗೆ ಬೇಡಿಕೆ ಹೆಚ್ಚುವ ಸಾಧ್ಯತೆಯೂ ಇದೆ.

ಆದ್ದರಿಂದ ಪ್ರತಿ ಘಟಕವೂ ತಿಂಗಳ ವಿದ್ಯುತ್ ಯೂನಿಟ್, ಡೀಸೆಲ್ ಲೀಟರ್ ಮತ್ತು ಉತ್ಪಾದನೆಯನ್ನು ಒಂದೇ ರಿಜಿಸ್ಟರಿನಲ್ಲಿ ಬರೆದಿಡುವುದು ಒಳಿತು. ಗ್ರಿಡ್ ವಿದ್ಯುತ್ತಿನ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ, ಒಂದು ಲೀಟರ್ ಡೀಸೆಲ್‌ಗೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಎಂದು ಹಿಡಿಯಬಹುದು. ತಿಂಗಳಿಗೆ 3,000 ಯೂನಿಟ್ ಬಳಸುವ ಪಾಲಿಶ್ ಘಟಕದ ಲೆಕ್ಕ ಸುಮಾರು 2.1 ಟನ್. ನಾಳೆ ಖರೀದಿದಾರರು ಈ ವಿವರ ಕೇಳಿದಾಗ ಬಿಲ್ಲುಗಳ ಆಧಾರವಿರುವ ಅಂಕಿ ಕೈಯಲ್ಲಿರುತ್ತದೆ. ಯಾರೂ ಕೇಳದಿದ್ದರೂ, ಅದೇ ಪುಟದಲ್ಲಿ ವಿದ್ಯುತ್ತು ಮತ್ತು ಡೀಸೆಲ್ ಎಲ್ಲಿ ಪೋಲಾಗುತ್ತಿದೆ ಎಂಬುದು ಮಾಲೀಕರಿಗೆ ಕಾಣುತ್ತದೆ.