ಕಡಲು ಬಿಸಿಯಾದರೆ ನಮಗ್ಯಾಕೆ ಚಳಿ?

ಊರಿಂದ ಫೋನ್ ಬಂದಾಗ ಈ ಪ್ರಶ್ನೆ ಗ್ಯಾರಂಟಿ: "ಭೂಮಿ ಬಿಸಿಯಾಗ್ತಿದೆ ಅಂತಾರೆ, ನೀನು ನೋಡಿದ್ರೆ ಮೈನಸ್ 15 ಅಂತೀಯ. ಯಾವುದನ್ನ ನಂಬೋದು?" ಎರಡನ್ನೂ ನಂಬಬಹುದು.

ಮೊದಲು ನಮ್ಮ ಪಕ್ಕದ ಕಡಲನ್ನೇ ನೋಡೋಣ. ಸೋಡರ್‌ಟೆಲ್ಯೆ ಕಾಲುವೆ ಮೆಲಾರೆನ್ ಸರೋವರವನ್ನು ಬಾಲ್ಟಿಕ್ ಸಮುದ್ರಕ್ಕೆ ಸೇರಿಸುತ್ತದೆ. ನವೆಂಬರ್‌ನಲ್ಲಿ ಆ ನೀರಿನಲ್ಲಿ ಬೇಸಿಗೆಯ ಬಿಸಿ ಇನ್ನೂ ಉಳಿದಿರುತ್ತದೆ. ಅದರ ಮೇಲೆ ಈಶಾನ್ಯದ ಕೊರೆಯುವ ಗಾಳಿ ಬೀಸಿದರೆ, ತೇವ ಹೀರಿಕೊಂಡು ಮೋಡವಾಗಿ, ದಡ ಮುಟ್ಟಿದೊಡನೆ ಹಿಮ ಸುರಿಸುತ್ತದೆ. ಸ್ವೀಡಿಷರು ಇದನ್ನು 'ಸ್ನೋಕನೂನ್', ಅಂದರೆ ಹಿಮದ ಫಿರಂಗಿ ಅಂತಾರೆ. 2016ರ ನವೆಂಬರ್ 9ರಂದು ಸ್ಟಾಕ್‌ಹೋಮ್‌ನಲ್ಲಿ 39 ಸೆಂ.ಮೀ. ಹಿಮ ಬಿದ್ದು ಬಸ್ಸುಗಳೇ ನಿಂತುಹೋದವು. 1905ರಿಂದೀಚೆಗೆ ನವೆಂಬರ್ ತಿಂಗಳ ದಾಖಲೆ ಅದು. ಕಡಲು ಬಿಸಿಯಾಗಿದ್ದು ಹೆಪ್ಪುಗಟ್ಟದೆ ಇದ್ದಷ್ಟೂ ಈ ಫಿರಂಗಿಗೆ ಮದ್ದು ಹೆಚ್ಚು.

ಎರಡನೆಯ ದಾರಿ ಉತ್ತರ ಧ್ರುವದ್ದು. ಅಲ್ಲಿ ಚಳಿಗಾಲದಲ್ಲಿ, ಬಹಳ ಎತ್ತರದಲ್ಲಿ, ತಣ್ಣನೆ ಗಾಳಿ ಬುಗುರಿಯ ಹಾಗೆ ಸುತ್ತುತ್ತಿರುತ್ತದೆ. ಇದೇ ಪೋಲಾರ್ ವೋರ್ಟೆಕ್ಸ್. ಬುಗುರಿ ಜೋರಾಗಿ ಸುತ್ತುವಾಗ ಚಳಿ ಅಲ್ಲೇ ಇರುತ್ತದೆ. ವೇಗ ಕಳೆದುಕೊಂಡು ಓಲಾಡಿದರೆ ಚಳಿ ದಕ್ಷಿಣಕ್ಕೆ ಜಾರುತ್ತದೆ. 2018ರ ಫೆಬ್ರವರಿಯಲ್ಲಿ ಅದು ಒಡೆದ ಮೇಲೆಯೇ ಯುರೋಪ್ ಗಡಗಡ ನಡುಗಿದ್ದು. ಬ್ಯಾರೆಂಟ್ಸ್, ಕಾರಾ ಸಮುದ್ರಗಳ ಮಂಜುಗಡ್ಡೆ ಕರಗಿ, ನೀರಿನ ಬಿಸಿ ಗಾಳಿಗೆ ಸೇರಿ, ಈ ಬುಗುರಿಗೆ ಪೆಟ್ಟು ಕೊಡುತ್ತಿದೆ ಎಂಬುದು ಕೆಲವು ವಿಜ್ಞಾನಿಗಳ ವಾದ. ಇದು ಹವಾಮಾನದ ಸಹಜ ಏರಿಳಿತವಷ್ಟೇ ಅಂತಾರೆ ಇನ್ನು ಕೆಲವರು. ವಾದ ಇನ್ನೂ ಮುಗಿದಿಲ್ಲ.

ಮೂರನೆಯದು ನಿಧಾನದ್ದು, ಆದರೆ ದೊಡ್ಡದು. ಸೋಡರ್‌ಟೆಲ್ಯೆ ಹೆಚ್ಚುಕಡಿಮೆ ಗ್ರೀನ್‌ಲ್ಯಾಂಡ್‌ನ ದಕ್ಷಿಣ ತುದಿಯ ಅಕ್ಷಾಂಶದಲ್ಲೇ ಇದೆ. ಆದರೂ ಇಲ್ಲಿ ಬದುಕು ಸಲೀಸಾಗಿರಲು ಅಟ್ಲಾಂಟಿಕ್ ಹೊತ್ತು ತರುವ ಬಿಸಿಯೂ ಒಂದು ಕಾರಣ. ಆ ಉಪ್ಪುನೀರು ಉತ್ತರದಲ್ಲಿ ತಣ್ಣಗಾಗಿ, ಭಾರವಾಗಿ, ತಳಕ್ಕೆ ಇಳಿಯುತ್ತದೆ. ನೀರು ಬಿಸಿಯಾದರೆ, ಗ್ರೀನ್‌ಲ್ಯಾಂಡ್ ಕರಗಿ ಸಿಹಿನೀರು ಬೆರೆತರೆ, ಇಳಿಯುವುದು ಕಡಿಮೆಯಾಗಿ ಇಡೀ ಪ್ರವಾಹ ಕುಂದುತ್ತದೆ. ಈ ಶತಮಾನದಲ್ಲಿ ಅದು ಕುಂದುವ ಸಾಧ್ಯತೆ ತುಂಬಾ ಹೆಚ್ಚು ಎಂದು ಐಪಿಸಿಸಿ 2021ರಲ್ಲಿ ಹೇಳಿದೆ. 2100ರೊಳಗೆ ದಿಢೀರನೆ ನಿಲ್ಲಲಾರದು ಎಂಬುದು ಅದರ ಅಂದಾಜು.

ಒಟ್ಟಿನಲ್ಲಿ ಸ್ವೀಡನ್‌ನ ಚಳಿಗಾಲ ಸರಾಸರಿಯಲ್ಲಿ ಬೆಚ್ಚಗಾಗುತ್ತಿರುವುದು ನಿಜ. ಆದರೆ ಸರಾಸರಿ ನೋಡಿ ಜಾಕೆಟ್ ಕೊಳ್ಳೋಕಾಗಲ್ಲ. 2024ರ ಜನವರಿ 3ರಂದು ಉತ್ತರದ ಕ್ವಿಕ್‌ಯೋಕ್ ಬಳಿ ಮೈನಸ್ 43.6 ಡಿಗ್ರಿ ದಾಖಲಾಯಿತು. ಹೊಸದಾಗಿ ಬಂದವರು ಎಸ್‌ಎಂಎಚ್‌ಐನ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ನೋಡುವುದು ರೂಢಿ ಮಾಡಿಕೊಳ್ಳಿ. ಕಿತ್ತಳೆ ಬಂದ ದಿನ ರೈಲು ನಂಬಿಕೊಂಡು ಪರೀಕ್ಷೆಗೆ ಹೊರಡೋದಾದ್ರೆ, ಒಂದು ಗಂಟೆ ಮೊದಲೇ ಹೊರಡಿ.