ವಾಚ್ ನಾರ್ಮಲ್ ಅಂತಿತ್ತು, ಅಪ್ಪನ ಎದೆ ಬೇರೇನೋ ಹೇಳ್ತಿತ್ತು

ಕಳೆದ ದೀಪಾವಳಿಗೆ ಶಿವಮೊಗ್ಗಕ್ಕೆ ಹೋಗುವಾಗ ಅಪ್ಪನಿಗೆ ಅಂತ ಆಫರ್‌ನಲ್ಲಿ ಸಿಕ್ಕ ಸ್ಮಾರ್ಟ್‌ವಾಚ್ ಒಯ್ದಿದ್ದೆ. ಬೆಲೆ 1,299 ರೂಪಾಯಿ. ಹಾರ್ಟ್ ರೇಟ್, ಆಕ್ಸಿಜನ್, ಬಿಪಿ, ನಿದ್ದೆ... ಬಾಕ್ಸ್ ಮೇಲೆ ಬರೆದಿರದ ಫೀಚರ್ ಇರಲಿಲ್ಲ. ಅಪ್ಪ ವಾಕಿಂಗ್ ಗೆಳೆಯರಿಗೆಲ್ಲ ತೋರಿಸಿದ್ದೇ ತೋರಿಸಿದ್ದು, "ಮಗಳು ಬೆಂಗಳೂರಿಂದ ತಂದಿದ್ದು" ಅಂತ.

ಫೆಬ್ರವರಿಯ ಒಂದು ರಾತ್ರಿ ಊಟ ಆದ ಮೇಲೆ ಅವರಿಗೆ ಎದೆ ಹಿಡಿದ ಹಾಗಾಯ್ತು. ಎಡಗೈ ಸೆಳೆತ, ಮೈಯೆಲ್ಲ ಬೆವರು. ಅಮ್ಮ "ಆಸ್ಪತ್ರೆಗೆ ಹೋಗೋಣ ರೀ" ಅಂದರೆ ಅಪ್ಪ ಕೈ ಚಾಚಿ, "ನೋಡೇ, 78 ತೋರಿಸ್ತಿದೆ. ಬಿಪಿನೂ ಸರಿ ಇದೆ. ಗ್ಯಾಸ್ ಇರ್ಬೇಕು, ಜೀರಿಗೆ ಕಷಾಯ ಮಾಡು" ಅಂದರಂತೆ. ಎರಡು ಗಂಟೆ ಹಾಗೇ ಹೋಯ್ತು. ಕೊನೆಗೆ ಪಕ್ಕದ ಮನೆಯವರು ಗದರಿಸಿ ಕಾರು ಹತ್ತಿಸಿದರು. ಇಸಿಜಿ ತೆಗೆದಾಗ ಗೊತ್ತಾಯ್ತು, ಹಾರ್ಟ್ ಅಟ್ಯಾಕ್. ಸ್ಟೆಂಟ್ ಹಾಕಿದರು. ಅಪ್ಪ ಉಳಿದರು.

ಡಾಕ್ಟರ್ ಬೈಯಲಿಲ್ಲ. "ಅಟ್ಯಾಕ್ ಆದಾಗಲೂ ಬಡಿತ ನಾರ್ಮಲ್ ಇರಬಹುದಮ್ಮ. ವಾಚ್ ಎಣಿಸೋದು ಬಡಿತ, ರಕ್ತನಾಳದ ಬ್ಲಾಕ್ ಅಲ್ಲ" ಅಂದರು ಅಷ್ಟೇ. ಮನೆಗೆ ಬಂದವಳು ಆ ವಾಚನ್ನು ಬಾಳೆಹಣ್ಣಿಗೆ ಸುತ್ತಿ ನೋಡಿದೆ. 74 ಅಂತು! ಹಣ್ಣಿಗೂ ಹೃದಯ ಕೊಟ್ಟಿದ್ದ ವಾಚನ್ನು ನಾನೇ ಅಪ್ಪನ ಕೈಗೆ ಕಟ್ಟಿದ್ದೆ.

ಡಿಸ್ಚಾರ್ಜ್ ಆಗುವಾಗ ದಿನಾ ನಡೀಬೇಕು ಅಂದಿದ್ದರು. ಅಪ್ಪನಿಗೆ ಮತ್ತೆ ವಾಚ್ ಬೇಕಂತೆ! ಈ ಸಲ ಕೂತು ಓದಿ, ವಿಚಾರಿಸಿ ತಗೊಂಡೆ. ಕಲಿತದ್ದು ಇಷ್ಟು.

ಹಸಿರು ದೀಪ ಏನು ಮಾಡುತ್ತೆ?

ವಾಚಿನ ಹಿಂದಿನ ಹಸಿರು ಬೆಳಕು ಚರ್ಮದೊಳಗೆ ಹೋಗಿ ವಾಪಸ್ ಬರುತ್ತೆ. ಪ್ರತಿ ಬಡಿತಕ್ಕೂ ರಕ್ತ ಹೆಚ್ಚು-ಕಡಿಮೆ ಆಗೋದರಿಂದ ಮರಳುವ ಬೆಳಕೂ ಏರಿಳಿಯುತ್ತೆ. ಆ ಏರಿಳಿತದಿಂದ ಬಡಿತದ ಲೆಕ್ಕ. ಪಟ್ಟಿ ಸಡಿಲವಾಗಿದ್ದರೆ, ಕೈ ತುಂಬಾ ಅಲುಗಾಡಿದರೆ, ಮಣಿಕಟ್ಟಿನ ಮೇಲೆ ಟ್ಯಾಟೂ ಇದ್ದರೆ ಲೆಕ್ಕ ತಪ್ಪುತ್ತೆ. ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಷ್ಟು ಮೇಲೆ, ಜಾರದ ಹಾಗೆ ಕಟ್ಟಬೇಕು. ಜೋರು ವರ್ಕೌಟ್ ಮಾಡೋರಿಗೆ ಎದೆಗೆ ಕಟ್ಟುವ ಸ್ಟ್ರಾಪ್ ಹೆಚ್ಚು ನಿಖರ.

ಯಾವುದನ್ನು ಎಷ್ಟು ನಂಬೋದು?

ಒಳ್ಳೆಯ ವಾಚ್ ಆದರೆ ನಡಿಗೆಯ ಹೆಜ್ಜೆ, ವಿಶ್ರಾಂತಿಯಲ್ಲಿನ ಬಡಿತ ಬಹುಮಟ್ಟಿಗೆ ಸರಿ ಇರುತ್ತೆ. ಕ್ಯಾಲೊರಿ ಲೆಕ್ಕ ಹಾಗಲ್ಲ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಕ್ಯಾಲೊರಿಯಲ್ಲಿ ಇದ್ದುದರಲ್ಲೇ ಚೆನ್ನಾಗಿದ್ದದ್ದೂ ಸರಾಸರಿ 27% ತಪ್ಪಿತ್ತು. "300 ಕ್ಯಾಲೊರಿ ಕರಗಿಸಿದೆ" ಅಂತ ಮಸಾಲೆ ದೋಸೆ ಆರ್ಡರ್ ಮಾಡೋರು ಗಮನಿಸಿ!

ಬಿಪಿಗೆ ತೋಳಿಗೆ ಕಟ್ಟುವ ಯಂತ್ರವೇ ಮನೆಯಲ್ಲಿರಲಿ. ಸೂಜಿ ಚುಚ್ಚದೆ ಶುಗರ್ ಹೇಳ್ತೀವಿ ಅನ್ನುವ ವಾಚ್‌ಗಳಿಂದ ದೂರ ಇರಿ ಅಂತ ಅಮೆರಿಕದ ಎಫ್‌ಡಿಎ 2024ರಲ್ಲೇ ಎಚ್ಚರಿಸಿದೆ. ಇಸಿಜಿ ಇರುವ ದುಬಾರಿ ವಾಚ್ ಕೊಟ್ಟರೂ ಅದು ಒಂದೇ ಲೀಡ್‌ನದ್ದು. ಮುಖ್ಯವಾಗಿ ಹುಡುಕೋದು ಬಡಿತದ ಲಯ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಅನ್ನು. ಆಸ್ಪತ್ರೆಯಲ್ಲಿ ತೆಗೆಯೋದು 12 ಲೀಡ್ ಇಸಿಜಿ. ಹಾರ್ಟ್ ಅಟ್ಯಾಕ್ ಪತ್ತೆ ಮಾಡೋಕೆ ಆಗಲ್ಲ ಅಂತ ಆಪಲ್ ಕಂಪನಿಯೇ ತನ್ನ ಇಸಿಜಿ ಆ್ಯಪ್ ಬಗ್ಗೆ ಹೇಳುತ್ತೆ.

ಇನ್ನೊಂದು ವಿಷಯ. ಗರಿಷ್ಠ ಬಡಿತಕ್ಕೆ ಬಹಳಷ್ಟು ಆ್ಯಪ್‌ಗಳು 220ರಿಂದ ವಯಸ್ಸು ಕಳೆಯುತ್ತವೆ. ಅಪ್ಪನಿಗೆ 63, ಹಾಗಾಗಿ 157. ಆದರೆ ಅವರು ತಗೊಳ್ಳೋ ಬೀಟಾ ಬ್ಲಾಕರ್ ಮಾತ್ರೆ ಬಡಿತವನ್ನೇ ತಗ್ಗಿಸುತ್ತೆ. ಆ ಲೆಕ್ಕ ಅವರಿಗೆ ಹೊಂದಲ್ಲ. ಎಷ್ಟು ಬಡಿತದವರೆಗೆ ನಡೀಬಹುದು ಅಂತ ಡಾಕ್ಟರನ್ನೇ ಕೇಳಿ ಬರೆಸಿಕೊಂಡೆವು.

10,000 ಹೆಜ್ಜೆ ಎಲ್ಲಿಂದ ಬಂತು?

1964ರ ಟೋಕಿಯೋ ಒಲಿಂಪಿಕ್ಸ್ ಮುಗಿದ ಮೇಲೆ, 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರು 'ಮಾನ್ಪೊ-ಕೆಯ್', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಹೆಸರು ಗುರಿಯಾಗಿ ಉಳಿದುಬಿಡ್ತು. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆ ಎಣಿಸೋದಿಲ್ಲ. ವಯಸ್ಕರಿಗೆ ಅದು ಹೇಳೋದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು. 6,000ಕ್ಕೆ ನಿಂತ ದಿನ ಬೇಜಾರು ಮಾಡ್ಕೋಬೇಡಿ.

ಕೊಳ್ಳುವ ಮುನ್ನ

- ನಡಿಗೆಯಷ್ಟೇ ಆದರೆ ಸಾಧಾರಣ ಬ್ಯಾಂಡ್ ಸಾಕು. ಫೋನ್ ಮನೆಯಲ್ಲಿಟ್ಟು ಓಡೋರಿಗೆ ವಾಚ್‌ನೊಳಗೇ ಜಿಪಿಎಸ್ ಬೇಕು. 'ಕನೆಕ್ಟೆಡ್ ಜಿಪಿಎಸ್' ಅಂದರೆ ಫೋನ್ ಜೊತೆಗಿರಲೇಬೇಕು.
- ಈಜುವವರು 5 ಎಟಿಎಂ ಇದೆಯಾ ನೋಡಿ.
- ದೊಡ್ಡವರಿಗೆ ಕೊಡೋದಾದರೆ ದೊಡ್ಡ ಅಕ್ಷರ, ವಾರ ಬಾಳುವ ಬ್ಯಾಟರಿ, ಊರಿನ ಹತ್ತಿರ ಸರ್ವಿಸ್ ಸೆಂಟರ್ ಮುಖ್ಯ. ಕನ್ನಡ ಮೆಸೇಜ್ ಕಳಿಸಿ ನೋಡಿ. ಕೆಲವದರಲ್ಲಿ ಬರೀ ಖಾಲಿ ಚೌಕ ಕಾಣುತ್ತೆ.
- ರಿಟರ್ನ್ ಅವಧಿಯಲ್ಲೇ ಪರೀಕ್ಷಿಸಿ. ನೀವೇ ಎಣಿಸಿ 100 ಹೆಜ್ಜೆ ನಡೀರಿ. 30 ಸೆಕೆಂಡ್ ನಾಡಿ ಹಿಡಿದು ಎರಡರಿಂದ ಗುಣಿಸಿ. ಎರಡನ್ನೂ ವಾಚ್ ಜೊತೆ ತಾಳೆ ನೋಡಿ.
- ಆ್ಯಪ್ ಏನೇನು ಅನುಮತಿ ಕೇಳುತ್ತೆ ಓದಿ. ಹೆಜ್ಜೆ ಎಣಿಸೋಕೆ ಕಾಂಟ್ಯಾಕ್ಟ್ಸ್ ಯಾಕೆ?

ಅಪ್ಪನಿಗೆ ಈ ಸಲ ಬಿಪಿ, ಶುಗರ್ ಅಂತ ಏನೂ ಹೇಳದ, ಸುಮಾರು ಮೂರು ಸಾವಿರದ ಬ್ಯಾಂಡ್ ಕೊಡಿಸಿದೆ. ಕಟ್ಟುವಾಗ ಹೇಳಿದೆ, "ಅಪ್ಪಾ, ಇದು ನೀವು ನಡೆದಿದ್ದನ್ನ ಲೆಕ್ಕ ಇಡೋಕೆ ಮಾತ್ರ. ಎದೆ ಹಿಡಿದರೆ ಇದನ್ನ ನೋಡಬೇಡಿ, 108ಕ್ಕೆ ಫೋನ್ ಮಾಡಿ." ಅಪ್ಪ ತಲೆಯಾಡಿಸಿದರು. ಅಮ್ಮ ಮಾತ್ರ ಅಡುಗೆಮನೆಯ ಕ್ಯಾಲೆಂಡರ್ ಮೇಲೆ ದೊಡ್ಡದಾಗಿ 108 ಅಂತ ಬರೆದಿಟ್ಟರು.

ನೀವೂ ಊರಿಗೆ ವಾಚ್ ಒಯ್ಯುವವರಾದರೆ, ಬಾಕ್ಸ್ ಜೊತೆಗೆ ಈ ಮಾತನ್ನೂ ಕೊಟ್ಟು ಬನ್ನಿ. ನಾನು ಅವತ್ತು ಬಾಕ್ಸ್ ಮಾತ್ರ ಕೊಟ್ಟಿದ್ದೆ.