ರೋಹಿಣಿಯ ನೆರೆಯ ಜೋಡಿ: ಶ್ವೇತಕುಬ್ಜ ಯುಗ್ಮತಾರೆಗಳ ಹುಟ್ಟು ಮತ್ತು ವಿಕಾಸ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಬೇಸಾಯಗಾರರು ತಮ್ಮ ಕೃಷಿ ವರ್ಷವನ್ನು ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ, ಪುಷ್ಯ ಎಂದು ಮಳೆ ನಕ್ಷತ್ರಗಳ ಹೆಸರಿನಿಂದಲೇ ಅಳೆಯುತ್ತ ಬಂದಿದ್ದಾರೆ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ, ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್ನಿನ ಬೆಂಕಿ ಕಾಯುತ್ತ ಕುಳಿತಿದ್ದ ಹಿರಿಯ ರೈತರೊಬ್ಬರು ಕೇಳಿದ ಪ್ರಶ್ನೆಯೇ ಈ ಪ್ರಬಂಧಕ್ಕೆ ಪ್ರೇರಣೆ: “ಮೇಷ್ಟ್ರೇ, ರೋಹಿಣಿ ಮಳೆ ಹುಯ್ಯೋವಾಗ ರೋಹಿಣಿ ನಕ್ಷತ್ರ ಎಲ್ಲೂ ಕಾಣಾಕಿಲ್ವಲ್ಲ, ಯಾಕೆ?”

ಉತ್ತರ ಸರಳವಾದುದು. ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರದವರೆಗೆ ಸೂರ್ಯನು ರೋಹಿಣಿಯ ದಿಕ್ಕಿನಲ್ಲಿಯೇ ಇರುವುದರಿಂದ ಆ ನಕ್ಷತ್ರವು ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಆಗಸ್ಟ್ ಕೊನೆಯ ವೇಳೆಗೆ ಅದು ನಡುರಾತ್ರಿಯ ಸುಮಾರಿಗೆ ಮೂಡಣದಲ್ಲಿ ಮೂಡುತ್ತದೆ. ಮೋಡವಿಲ್ಲದ ರಾತ್ರಿಗಳಲ್ಲಿ ಬ್ಯಾರನ್ ಕಾಯುವವರಿಗೆ ಕೃತ್ತಿಕೆಯ ಗೊಂಚಲೂ ಅದರ ಬೆನ್ನಿಗೇ ಕೆಂಪು ರೋಹಿಣಿಯೂ ಕಾಣುತ್ತವೆ. ಅದೇ ನೆರೆಯಲ್ಲಿ, ಕೃತ್ತಿಕೆಗೆ ದಕ್ಷಿಣಕ್ಕೂ ರೋಹಿಣಿಗೆ ಪಶ್ಚಿಮಕ್ಕೂ, ಬರಿಗಣ್ಣಿಗೆ ಕಾಣದ ಒಂದು ಜೋಡಿಯಿದೆ. ಖಗೋಳಶಾಸ್ತ್ರಜ್ಞರು ಅದನ್ನು ವಿ 471 ಟಾರಿ ಎಂದು ಕರೆಯುತ್ತಾರೆ. ಶ್ವೇತಕುಬ್ಜವನ್ನು ಒಳಗೊಂಡ ನಿಕಟ ಯುಗ್ಮತಾರೆಗಳ ಕಥೆಯನ್ನು ಈ ಜೋಡಿಯ ಮೂಲಕ ನಿರೂಪಿಸುವುದು ಇಲ್ಲಿನ ಉದ್ದೇಶ.

ಸೂರ್ಯನಂತಹ ನಕ್ಷತ್ರವು ತನ್ನ ಒಡಲಿನ ಜಲಜನಕ ತೀರಿದ ಮೇಲೆ ಉಬ್ಬಿ ಕೆಂಪು ದೈತ್ಯವಾಗುತ್ತದೆ. ಕೊನೆಗೆ ಹೊರಪದರಗಳನ್ನು ಕಳಚಿಕೊಂಡು ಒಳಗಿನ ತಿರುಳನ್ನಷ್ಟೇ ಉಳಿಸುತ್ತದೆ. ಈ ತಿರುಳೇ ಶ್ವೇತಕುಬ್ಜ. ಗಾತ್ರದಲ್ಲಿ ಅದು ಭೂಮಿಯಷ್ಟು, ತೂಕದಲ್ಲಿ ಹೆಚ್ಚುಕಡಿಮೆ ಸೂರ್ಯನನ್ನು ಸಮೀಪಿಸುವಂಥದು. ಒಂಟಿ ನಕ್ಷತ್ರದ ಕಥೆ ಇಲ್ಲಿಗೆ ಮುಗಿಯುತ್ತದೆ. ಶ್ವೇತಕುಬ್ಜವು ನಿಧಾನವಾಗಿ ತಣ್ಣಗಾಗುತ್ತದೆ, ಅಷ್ಟೆ. ಜೋಡಿಯಲ್ಲಿ ಹುಟ್ಟಿದ ನಕ್ಷತ್ರದ ಗತಿ ಬೇರೆ.

1970ರಲ್ಲಿ ಗುರುತಿಸಲ್ಪಟ್ಟ ವಿ 471 ಜೋಡಿಯಲ್ಲಿ ಒಂದು ಶ್ವೇತಕುಬ್ಜವೂ ಸೂರ್ಯನಿಗಿಂತ ತುಸು ತಂಪಾದ ಒಂದು ಸಾಧಾರಣ ನಕ್ಷತ್ರವೂ ಇವೆ. ಇವೆರಡೂ ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಪರಸ್ಪರ ಸುತ್ತುತ್ತವೆ. ನಡುವಣ ಅಂತರ ಸೂರ್ಯನ ತ್ರಿಜ್ಯದ ಮೂರು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಶ್ವೇತಕುಬ್ಜವು ಹಿಂದೆ ಸೂರ್ಯನ ನೂರು ಪಟ್ಟಿಗೂ ಮಿಗಿಲಾಗಿ ಉಬ್ಬಿದ ದೈತ್ಯವಾಗಿತ್ತು. ಹಾಗಿದ್ದರೆ ಈಗಿನ ಅಂತರದಲ್ಲಿ ಸಂಗಾತಿಯು ದೈತ್ಯದ ಒಡಲೊಳಗೇ ಇರಬೇಕಾಗಿತ್ತು. ಅಂದರೆ ಇವು ಮೊದಲು ದೂರದಲ್ಲಿದ್ದು ಅನಂತರ ಹತ್ತಿರವಾದವು ಎಂದಾಯಿತು. ಹತ್ತಿರವಾದುದು ಹೇಗೆ?

ಇದಕ್ಕೆ 1976ರಲ್ಲಿ ಪೋಲೆಂಡಿನ ವಿಜ್ಞಾನಿ ಬೋದಾನ್ ಪಚಿನ್‌ಸ್ಕಿ ಮಂಡಿಸಿದ ‘ಸಮಾನ ಹೊದಿಕೆ’ಯ ಕಲ್ಪನೆ ಉತ್ತರವಾಗಿದೆ. ಜೋಡಿಯಲ್ಲಿ ಭಾರವಾದುದು ಮೊದಲು ಮುಪ್ಪಾಗಿ ಉಬ್ಬುತ್ತದೆ. ಅದರ ಹೊರಪದರವು ತನ್ನ ಗುರುತ್ವದ ಎಲ್ಲೆಯನ್ನು ಮೀರಿ ಸಂಗಾತಿಯತ್ತ ಸುರಿಯುತ್ತದೆ. ಅಷ್ಟನ್ನೂ ಅರಗಿಸಿಕೊಳ್ಳಲು ಸಂಗಾತಿಗೆ ಆಗದಿರುವುದರಿಂದ ಆ ಅನಿಲವು ಎರಡನ್ನೂ ಒಂದೇ ಕಂಬಳಿಯಂತೆ ಹೊದಿಸಿಬಿಡುತ್ತದೆ. ಹೊದಿಕೆಯೊಳಗೆ ಸುತ್ತುವಾಗ ಘರ್ಷಣೆಯಿಂದ ಅವು ಒಳಸರಿಯುತ್ತವೆ. ಹಾಗೆ ಬಿಡುಗಡೆಯಾದ ಶಕ್ತಿಯು ಹೊದಿಕೆಯನ್ನೇ ಹೊರಗೆಸೆಯುತ್ತದೆ. ಉಳಿಯುವುದು ಅತಿ ಸಮೀಪದ ಒಂದು ಜೋಡಿ.

ಆ ಬಳಿಕವೂ ಸಮೀಪಿಸುವಿಕೆ ನಿಲ್ಲದು. ಸಂಗಾತಿಯ ಕಾಂತೀಯ ಮಾರುತವೂ ಗುರುತ್ವದ ಅಲೆಗಳೂ ಜೋಡಿಯ ಸುತ್ತುವ ಬಲವನ್ನು ಕದಿಯುತ್ತವೆ. ಕಡೆಗೆ ಸಂಗಾತಿಯ ಅನಿಲವು ತಟ್ಟೆಯಾಕಾರದಲ್ಲಿ ಸುತ್ತುತ್ತ ಶ್ವೇತಕುಬ್ಜದ ಮೇಲೆ ಬೀಳತೊಡಗುತ್ತದೆ. ಹಾಗೆ ಶೇಖರವಾದ ಜಲಜನಕವು ಒಮ್ಮೆಲೇ ಹೊತ್ತಿಕೊಂಡರೆ ಅದು ನೋವಾ. ಇದರಲ್ಲಿ ಶ್ವೇತಕುಬ್ಜವು ಉಳಿಯುತ್ತದೆ; ಶೇಖರಣೆಯೂ ಮತ್ತೆ ಮೊದಲಾಗುತ್ತದೆ. ಶ್ವೇತಕುಬ್ಜದ ತೂಕಕ್ಕೆ ಸೂರ್ಯನ ಸುಮಾರು 1.4 ಪಟ್ಟಿನ ಮಿತಿಯುಂಟೆಂಬುದನ್ನು ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರ ದಶಕದಲ್ಲಿ ತೋರಿಸಿಕೊಟ್ಟರು. ಅನಿಲದ ಶೇಖರಣೆಯಿಂದಲೋ ಎರಡು ಶ್ವೇತಕುಬ್ಜಗಳ ಕೂಡಿಕೆಯಿಂದಲೋ ಅಂತಹ ಸ್ಥಿತಿ ಒದಗಿದಾಗ ಶ್ವೇತಕುಬ್ಜವೇ ಸಿಡಿದುಹೋಗುತ್ತದೆ. ಈ ಎರಡು ದಾರಿಗಳಲ್ಲಿ ಪ್ರಧಾನವಾದುದು ಯಾವುದೆಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ಇಂತಹ ಒಂದು ಸಿಡಿತದಲ್ಲಿ ಸುಮಾರು ಅರ್ಧ ಸೂರ್ಯನಷ್ಟು ಕಬ್ಬಿಣ ಹುಟ್ಟುತ್ತದೆ. ನೇಗಿಲಿನ ಕುಳದ ಕಬ್ಬಿಣದಲ್ಲಿ ಬಹುಪಾಲು ಹೀಗೆ ಅಳಿದ ಶ್ವೇತಕುಬ್ಜಗಳ ಕೊಡುಗೆ.

ಈ ಅಧ್ಯಯನದಲ್ಲಿ ಕರ್ನಾಟಕದ ಪಾಲೂ ಇದೆ. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಗೋಳಭೌತ ಸಂಸ್ಥೆಯು ತನ್ನ ಹೊಸಕೋಟೆಯ ಪ್ರಯೋಗಾಲಯದಲ್ಲಿ ಜೋಡಿಸಿತು. ಪುಷ್ಯವಿರುವ ಕರ್ಕಾಟಕ ರಾಶಿಯ ಎಂ 67 ಗುಚ್ಛದಲ್ಲಿ, ತಮ್ಮ ಓರಗೆಯವುಗಳಿಗಿಂತ ಹರೆಯದಂತೆ ತೋರುವ ಕೆಲವು ನೀಲಿ ನಕ್ಷತ್ರಗಳಿವೆ. ಅವುಗಳಲ್ಲೊಂದಕ್ಕೆ ಹಗುರವಾದ ಶ್ವೇತಕುಬ್ಜವೊಂದು ಸಂಗಾತಿಯಾಗಿರುವುದು 2019ರಲ್ಲಿ ಈ ದೂರದರ್ಶಕದ ನೆರವಿನಿಂದ ತಿಳಿದುಬಂತು. ನೆರೆಯ ನಕ್ಷತ್ರವು ತನ್ನ ಒಡಲನ್ನು ಧಾರೆಯೆರೆದುದರಿಂದಲೇ ನೀಲಿ ನಕ್ಷತ್ರಕ್ಕೆ ಹರೆಯ ಮರಳಿತ್ತು. ಕೊಟ್ಟದ್ದರ ತಿರುಳು ಶ್ವೇತಕುಬ್ಜವಾಗಿ ಪಕ್ಕದಲ್ಲೇ ಉಳಿದಿತ್ತು.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆ ಅಗತ್ಯ. ಮದುವೆಯಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವ ಆಚರಣೆಯನ್ನು ಮುಂದಿಟ್ಟುಕೊಂಡು, ನಮ್ಮ ಪೂರ್ವಿಕರಿಗೆ ಯುಗ್ಮತಾರೆಗಳ ಶಾಸ್ತ್ರವೆಲ್ಲ ತಿಳಿದಿತ್ತೆಂದು ಸಾಧಿಸುವ ಉತ್ಸಾಹ ಆಗಾಗ ಕಂಡುಬರುತ್ತದೆ. ಜಾನಪದದ ಅಭ್ಯಾಸಿಯಾಗಿ ನಾನು ಇದನ್ನು ಒಪ್ಪಲಾರೆ. ಕಣ್ಣಿಗೆ ಜೊತೆಯಾಗಿ ಕಾಣುವುದು ಬೇರೆ, ಗುರುತ್ವದಿಂದ ಬೆಸೆದಿರುವುದು ಬೇರೆ. ಎರಡನೆಯದನ್ನು ಅರಿಯಲು ದೂರದರ್ಶಕವೂ ಗಣಿತವೂ ಬೇಕಾದವು. ಇಲ್ಲದ ಹಿರಿಮೆಯನ್ನು ಹೊರಿಸಿದರೆ ಇರುವ ಹಿರಿಮೆಯೇ ಮರೆಯಾಗುತ್ತದೆ. ಕಾಣದ ನಕ್ಷತ್ರದ ಹೆಸರಿನಲ್ಲಿ ಬಿತ್ತನೆಯ ಹದವನ್ನು ನೆನಪಿಟ್ಟುಕೊಂಡ ಜನಪದರ ಅರಿವು ತನ್ನಷ್ಟಕ್ಕೆ ತಾನೇ ಗೌರವಾರ್ಹವಾದುದು. ಕಾಣದ್ದು ಯಾಕೆ ಕಾಣದೆಂದು ಬ್ಯಾರನ್ನಿನ ಬೆಂಕಿಯ ಮುಂದೆ ಕೇಳಿದ ಆ ಹಿರಿಯರ ಪ್ರಶ್ನೆಯೂ ಅಷ್ಟೇ ಗೌರವಾರ್ಹವಾದುದು. ವಿಜ್ಞಾನವೂ ಹೊರಡುವುದು ಅಂತಹ ಪ್ರಶ್ನೆಯಿಂದಲೇ.